ಐದು ನಿಮಿಷ ತಡವಾದ ಲೈವ್

ದೊಡ್ಡಕ್ಕ ಬಚ್ಚಲಲ್ಲಿ ಜಾರಿ ಬೀಳದೇ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಅವರು ಬಿದ್ದರು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡರು, ತಮ್ಮನ ಮದುವೆಗೆ ನಲವತ್ತು ವರ್ಷ ತುಂಬಿದ ಸಮಾರಂಭಕ್ಕೆ ಬರಲಾಗುವುದಿಲ್ಲ ಎಂದು ಹೇಳಿ ಕಳಿಸಿದರು. ತಮ್ಮ “ಅಯ್ಯೋ ಪಾಪ” ಎಂದು ಜೋರಾಗಿ ಹೇಳಿ ಒಂದೆರಡು ದಿನ ಒಳಗೊಳಗೇ ಹಿಗ್ಗಿದರು. ಆಮೇಲೆ ಫೋನು ಬಂತು.

“ಮುರಿದಿರೋದು ಕಾಲು ಕಣೋ, ಕಣ್ಣಲ್ಲ. ಅದೇನೋ ಲೈವ್ ಅಂತ ತೋರಿಸ್ತಾರಂತಲ್ಲ, ಅದನ್ನ ಮಾಡ್ಸು. ನಿನ್ನ ಚಿಕ್ಕಳಿಯ ಅದೇ ಕೆಲಸ ತಾನೇ ಮಾಡೋದು?”

ಈ ತಮ್ಮ ಎಂದರೆ ನಮ್ಮ ಕತೆಯ ಮಾವನವರು. ಬೀದಿಗೆಲ್ಲ ಹುಲಿ, ಅಕ್ಕನ ಫೋನು ಬಂದರೆ ಮಾತ್ರ ಕೂತಲ್ಲಿಂದ ಎದ್ದು ನಿಂತು ಮಾತಾಡುವ ಆಸಾಮಿ. ಚಿಕ್ಕಂದಿನಲ್ಲಿ ಕಿವಿ ಹಿಂಡಿ ಬೆಳೆಸಿದವರು ದೊಡ್ಡಕ್ಕ. ಹುಡುಗಿ ನೋಡಿ ಮದುವೆ ಮಾಡಿಸಿದವರೂ ಅವರೇ. ಮಾವ “ಆಯ್ತಕ್ಕ” ಎಂದು ಫೋನಿಟ್ಟು, ಮಹಡಿ ಮೆಟ್ಟಿಲ ಕಡೆ ತಿರುಗಿ, “ಅಳಿಯಂದಿರೇ!” ಎಂದು ಕೂಗಿದರು.

ಚಿಕ್ಕಳಿಯ ಆಗ ಮಲಗುವ ಕೋಣೆಯ ಮೂಲೆಯಲ್ಲಿ ಕೂತು ಯಾರದೋ ಮಗುವಿನ ಹುಟ್ಟುಹಬ್ಬವನ್ನು ಕುಗ್ಗಿಸುತ್ತಿದ್ದ. ಅವನ ಕಸುಬೇ ಅದು. ಕ್ಯಾಮೆರಾದವರು ತೆಗೆದ ಭಾರೀ ವಿಡಿಯೋಗಳನ್ನು ಎನ್‌ಕೋಡ್ ಮಾಡಿ, ಅಂದರೆ ನೋಟ ಕೆಡದ ಹಾಗೆ ಗಾತ್ರ ಇಳಿಸಿ, ಇಂಟರ್ನೆಟ್ಟಿನಲ್ಲಿ ಸರಾಗ ಓಡುವಂತೆ ಮಾಡುವುದು. ಯಾರಾದರೂ ಕರೆದರೆ ಹೋಗಿ ಸಮಾರಂಭವನ್ನು ಲೈವ್ ಮಾಡಿಕೊಡುವುದು. ಇದನ್ನೆಲ್ಲ ಅವನು ಮದುವೆಯ ಮಾತುಕತೆಯ ದಿನವೇ ಮಾವನಿಗೆ ವಿವರಿಸಿದ್ದ. ಮಾವ ಪೂರ್ತಿ ಕೇಳಿಸಿಕೊಂಡು, “ಬಟ್ಟೆ ಒಗೆದ್ರೆ ಅದರಷ್ಟಕ್ಕೆ ಅದೇ ಕುಗ್ಗುತ್ತೆ. ವಿಡಿಯೋ ಕುಗ್ಗಿಸೋಕೆ ಅಂತ ಒಬ್ಬ ಮನುಷ್ಯ ಬೇಕಾ?” ಎಂದಿದ್ದರು. ಅಂದಿನಿಂದ ಆ ಮನೆಯಲ್ಲಿ ಅವನ ಮರ್ಯಾದೆಯೂ ಒಗೆತಕ್ಕೊಂದು ಸುತ್ತು ಕುಗ್ಗುತ್ತಲೇ ಬಂದಿತ್ತು.

ಗಂಡ ಹೆಂಡತಿ ಇಬ್ಬರೂ ಇರುವುದು ಮಾವನ ಮನೆಯ ಮಹಡಿಯಲ್ಲಿ, ಒಂದೇ ಕೋಣೆಯಲ್ಲಿ. ಕಂಪ್ಯೂಟರು ಕೆಲಸಕ್ಕೆ ಕೂತರೆ ಕೋಣೆಯೆಲ್ಲ ಕಾವು. ಅದರ ಸದ್ದಿಗೆ ಹೆಂಡತಿಗೆ ನಿದ್ದೆಯಿಲ್ಲ. ಗಿರಾಕಿ ಬಂದರೆ ಮಂಚದ ಮೇಲೆ ಕೂರಿಸಬೇಕು. ಮೊನ್ನೆ ಬಂದ ಒಬ್ಬ ದೊಡ್ಡ ಗಿರಾಕಿ ಒಗೆದಿಟ್ಟ ಬಟ್ಟೆ ಸರಿಸಿ ಕೂತು, ಸುತ್ತ ನೋಡಿ, “ಸ್ಟುಡಿಯೋ ಎಲ್ಲಿದೆ?” ಎಂದು ಕೇಳಿದ. “ಇದೇ” ಎಂದಿದ್ದಕ್ಕೆ, “ಓಹೋ, ಬರ್ತೀನಿ” ಎಂದು ಎದ್ದು ಹೋದವನು ಇನ್ನೂ ಬರುತ್ತಲೇ ಇದ್ದಾನೆ. ಕೆಳಗೆ, ಬೀದಿಗೆ ಬಾಗಿಲಿರುವ ಮುಂದಿನ ಕೋಣೆ ಮಾತ್ರ ಹಳೇ ಪೇಪರು, ಮುರಿದ ಕುರ್ಚಿ ತುಂಬಿಕೊಂಡು ದಂಡಕ್ಕೆ ಬಿದ್ದಿತ್ತು. ಅದೊಂದು ಸಿಕ್ಕರೆ ಬೋರ್ಡು ಹಾಕಿಕೊಂಡು ಮನುಷ್ಯನ ಹಾಗೆ ಬದುಕಬಹುದು ಎಂದು ಚಿಕ್ಕಳಿಯ ಮದುವೆಯಾದಾಗಿನಿಂದ ಕೇಳುತ್ತಿದ್ದ. ಮಾವ “ನೋಡೋಣ” ಎನ್ನುತ್ತಿದ್ದರು.

ಈಗ ಮಾವನೇ ಬಾಯಿಬಿಟ್ಟರು. “ಲೈವ್ ಸರಿಯಾಗಿ ಹೋಗ್ಲಿ. ನಮ್ಮಕ್ಕನ ಬಾಯಲ್ಲಿ ಚೆನ್ನಾಗಿತ್ತು ಅಂತ ಒಂದು ಮಾತು ಬರ್ಲಿ. ಆ ಮುಂದಿನ ಕೋಣೆ ನಿಮಗೇ ಬಿಟ್ಟುಕೊಡ್ತೀನಿ.”

“ಬರದೇ ಹೋದ್ರೆ ಮಾವ?”

“ಬರದೇ ಹೋದ್ರೆ ಮ್ಯಾನೇಜರ್ರು ಅದನ್ನ ಬಾಡಿಗೆಗೆ ಕೊಡೋಣ ಅಂತಿದಾರೆ. ಪಾರ್ಟಿನೂ ನೋಡಿಟ್ಟಿದಾರೆ.”

ಮ್ಯಾನೇಜರ್ರು ಎಂದರೆ ದೊಡ್ಡ ಮಗಳ ಗಂಡ, ಇನ್ಶೂರೆನ್ಸ್ ಆಫೀಸಿನ ಮ್ಯಾನೇಜರು. ಮಾವನಿಗೆ ಅವನೆಂದರೆ ಹಿರಿ ಹಿರಿ ಹಿಗ್ಗು. ಅವನು ಮನೆಗೆ ಬಂದರೆ ಫ್ಯಾನು ತಾನಾಗಿಯೇ ಜೋರಾಗುತ್ತಿತ್ತು.

ಚಿಕ್ಕಳಿಯ ತಡಮಾಡಲಿಲ್ಲ. ಹಳೇ ಪೇಪರನ್ನೆಲ್ಲ ಹೊತ್ತು ಹಾಕಿದ, ಕಸ ಗುಡಿಸಿದ, ಕಿಟಕಿಯ ಗಾಜು ಉಜ್ಜಿದ, ತನ್ನ ದೀಪಗಳನ್ನು ತಂದು ನಿಲ್ಲಿಸಿದ. ಕ್ಯಾಮೆರಾ ನಡುಮನೆಯಲ್ಲಿ, ಅಲ್ಲಿಂದ ಉದ್ದಕ್ಕೆ ವೈರು ಎಳೆದು ಮುಂದಿನ ಕೋಣೆಯ ಮೇಜಿಗೆ, ಲ್ಯಾಪ್‌ಟಾಪಿಗೆ. “ಒಂದು ದಿನದ ಮಟ್ಟಿಗಾದ್ರೂ ನಮ್ಮ ಸ್ಟುಡಿಯೋ ಕಣೇ” ಎಂದು ಹೆಂಡತಿಗೆ ತೋರಿಸಿದ. ಅವಳಿಗೆ ಕಣ್ಣು ತುಂಬಿ ಬಂತು.

“ರೀ, ಹೆಂಗಾದ್ರೂ ಮಾಡಿ ಇವತ್ತು ಗೆದ್ದುಬಿಡಿ” ಎಂದಳು.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನೆಂಟರಿಷ್ಟರಿಂದ ನಡುಮನೆ ತುಂಬಿತು. ಮಾವ ಕೋಟು ಹಾಕಿಕೊಂಡು, ಅತ್ತೆ ಹೊಸ ಸೀರೆ ಉಟ್ಟುಕೊಂಡು, ಮೇಜಿನ ಮೇಲಿನ ಕೇಕಿನ ಹಿಂದೆ ನಿಂತರು. ಲೈವ್ ಶುರುವಾಯಿತು. ಚೆನ್ನಾಗಿಯೇ ಶುರುವಾಯಿತು ಎನ್ನಬೇಕು. ಆದರೆ ಲೈವ್ ಎನ್ನುವ ಪದಾರ್ಥಕ್ಕೆ ಒಂದು ಸ್ವಭಾವವಿದೆ: ಇಲ್ಲಿ ನಡೆದದ್ದು ಅಲ್ಲಿಗೆ ತಲುಪುವಷ್ಟರಲ್ಲಿ ಅರ್ಧ ನಿಮಿಷವಾದರೂ ಕಳೆದಿರುತ್ತದೆ. ಇದು ಚಿಕ್ಕಳಿಯನಿಗೆ ಗೊತ್ತು, ಉಳಿದವರಿಗೆ ಗೊತ್ತಿಲ್ಲ.

ಮೊದಲು ಫೋನು ಬಂದದ್ದು ದೊಡ್ಡಕ್ಕನದೇ. “ಏನೋ ಅದು, ಕೋಟಿನ ಕಾಲರ್ ಸೊಟ್ಟಗಿದೆ! ಜನ ನೋಡ್ತಿದಾರೆ, ಸರಿ ಮಾಡ್ಕೊ.”

ಕಾಲರನ್ನು ಅತ್ತೆ ಆಗಲೇ ಸರಿಮಾಡಿ ಆಗಿತ್ತು. ಮಾವ ಗಾಬರಿಯಲ್ಲಿ ಅದನ್ನು ಇನ್ನೊಮ್ಮೆ ಎಳೆದು ಸೊಟ್ಟಗೆ ಮಾಡಿಕೊಂಡರು.

“ಹಾಂ, ಈಗ ನೆಟ್ಟಗಾಯ್ತು” ಎಂದರು ದೊಡ್ಡಕ್ಕ. ಮಾವ ಸೊಟ್ಟ ಕಾಲರಿನಲ್ಲೇ ಎದೆಯುಬ್ಬಿಸಿ ನಿಂತರು. ಅತ್ತೆ ಸರಿಮಾಡಲು ಕೈ ಚಾಚಿದರೆ, “ಅಕ್ಕ ಸರಿಯಾಗಿದೆ ಅಂದಿದಾಳೆ, ಮುಟ್ಟಬೇಡ” ಎಂದು ಗದರಿದರು.

ಅಷ್ಟರಲ್ಲಿ ಮ್ಯಾನೇಜರ್ ಅಳಿಯನಿಗೆ ಏನಾದರೂ ಮಾಡಬೇಕು ಎನ್ನಿಸಿತು. ಅವನಿಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ. ಆಫೀಸಿನಲ್ಲೂ ಅವನು ಸುಮ್ಮನಿದ್ದಷ್ಟು ಹೊತ್ತು ಮಾತ್ರ ಕೆಲಸ ನಡೆಯುತ್ತದೆ ಎಂದು ಅವನ ಗುಮಾಸ್ತರು ಹೇಳುತ್ತಾರೆ. ಅವನು ಲ್ಯಾಪ್‌ಟಾಪಿನಲ್ಲಿ ಇಣುಕಿ, “ಏನಯ್ಯಾ, ನೋಡ್ತಿರೋರು ಒಬ್ಬರೇ? ಮಾವನ ಮಾನ ಏನಾಗಬೇಕು?” ಎಂದ.

“ಅಣ್ಣಾ, ದೊಡ್ಡಕ್ಕ ಒಬ್ಬರೇ ನೋಡ್ಬೇಕಾಗಿರೋದು. ಉಳಿದವರೆಲ್ಲ ಇಲ್ಲೇ ಇದಾರಲ್ಲ.”

“ನಿನಗೆ ಇದೆಲ್ಲ ಅರ್ಥ ಆಗಲ್ಲ ಬಿಡು” ಎಂದು ಮ್ಯಾನೇಜರು ನಡುಮನೆಗೆ ಹೋಗಿ, ಬಂದವರಿಗೆಲ್ಲ ಲೈವಿನ ಲಿಂಕು ಕಳಿಸಿದ. ಜೊತೆಗೆ ಮನೆಯ ವೈಫೈ ಪಾಸ್‌ವರ್ಡನ್ನೂ ಕೂಗಿ ಹೇಳಿದ. “ಎಲ್ಲರೂ ನೋಡಿ! ನಂಬರ್ ಏರ್ಬೇಕು!”

ನಡುಮನೆಯಲ್ಲಿ ಕೂತವರೆಲ್ಲ ತಮ್ಮೆದುರಿಗೆ ನಿಂತ ಮಾವನನ್ನು ಬಿಟ್ಟು, ಫೋನಿನೊಳಗಿನ ಮಾವನನ್ನು ನೋಡತೊಡಗಿದರು. ಕೆಲವರು ತಮ್ಮ ತಲೆ ಎಲ್ಲಿ ಕಾಣುತ್ತದೆ ಎಂದು ಹುಡುಕಿದರು. ಮಾವ “ಎಲ್ಲರಿಗೂ ನಮಸ್ಕಾರ” ಎಂದರು. ಅರ್ಧ ನಿಮಿಷದ ಮೇಲೆ ಅವರು ಬೇರೇನೋ ಹೇಳುತ್ತಿರುವಾಗ ಎಲ್ಲರ ಫೋನುಗಳೂ ಒಂದೊಂದಾಗಿ “ಎಲ್ಲರಿಗೂ ನಮಸ್ಕಾರ” ಎಂದವು. ಮಾವ ಬೆಚ್ಚಿ, ಮರ್ಯಾದೆಗೆ ಮತ್ತೊಮ್ಮೆ ನಮಸ್ಕಾರ ಮಾಡಿದರು. ಅದೂ ಅರ್ಧ ನಿಮಿಷದ ಮೇಲೆ ತಿರುಗಿ ಬಂತು.

“ಇದೇನಯ್ಯಾ ಲೈವು?” ಎಂದು ಮ್ಯಾನೇಜರು ಮುಂದಿನ ಕೋಣೆಯ ಬಾಗಿಲಲ್ಲಿ ಪ್ರತ್ಯಕ್ಷನಾದ. “ನಾನು ಕೈ ಎತ್ತಿ ಇಳಿಸಿ, ಬೆವರು ಒರೆಸಿಕೊಂಡ ಮೇಲೆ ಫೋನಲ್ಲಿ ಕೈ ಎತ್ತುತ್ತಿದೀನಿ! ಬಿಸಿ ಊಟ ಅಂತ ಕರೆದು ತಂಗಳು ಬಡಿಸ್ತಿದೀಯಲ್ಲಯ್ಯಾ.”

ಮಾವನೂ ಅಲ್ಲಿಂದಲೇ ಕೂಗಿದರು: “ಅಳಿಯಂದಿರೇ, ಒಂದು ಕೆಲಸನಾದ್ರೂ ಹೊತ್ತಿಗೆ ಸರಿಯಾಗಿ ಮಾಡ್ರೀ!”

ಉತ್ತರ ಕೊಡಲು ಚಿಕ್ಕಳಿಯನಿಗೆ ಪುರಸೊತ್ತಿರಲಿಲ್ಲ. ಅವನ ಲೈವು ಹೊರಗೆ ಹೋಗಬೇಕಾದದ್ದು ಅದೇ ವೈಫೈ ಮೇಲೆ. ಒಳಗಿರುವವರೆಲ್ಲ ಅದನ್ನು ತಿರುಗಿ ಎಳೆದುಕೊಳ್ಳುತ್ತಿದ್ದದ್ದೂ ಅದೇ ವೈಫೈ ಮೇಲೆ. ಒಂದೇ ಬಾಗಿಲಲ್ಲಿ ಮದುವೆಯ ದಿಬ್ಬಣ ಹೊರಗೆ ಹೋಗುವಾಗಲೇ ಊಟದ ಪಂಕ್ತಿ ಒಳಗೆ ನುಗ್ಗಿದ ಹಾಗಾಯಿತು. ಚಿತ್ರ ತಡವರಿಸಿತು, ಮಾವನ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು, ಅದರ ಮೇಲೆ ಒಂದು ಚಕ್ರ ಗಿರಗಿರ ತಿರುಗತೊಡಗಿತು.

“ನಿಂತೋಯ್ತು!” ಎಂದರು ಯಾರೋ. ಅಲ್ಲಿಯವರೆಗೆ ಫೋನು ತೆಗೆಯದವರೂ ನಿಜವಾಗಿಯೂ ನಿಂತಿದೆಯೇ ಎಂದು ನೋಡಲು ಫೋನು ತೆಗೆದರು. ಅದರಿಂದ ಅದು ಇನ್ನೂ ಭದ್ರವಾಗಿ ನಿಂತಿತು.

ಚಿಕ್ಕಳಿಯ ಓಡಿಬಂದು ಕೈಮುಗಿದ. “ದಯವಿಟ್ಟು ಯಾರೂ ಲೈವ್ ನೋಡ್ಬೇಡಿ! ಫೋನ್ ಬಂದ್ ಮಾಡಿ!”

ಅತ್ತೆಯ ಕಡೆಯ ಒಬ್ಬ ಹಿರಿಯರಿಗೆ ಸಿಟ್ಟೇ ಬಂತು. “ಕರೆಯೋರೂ ನೀವೇ, ನೋಡ್ಬೇಡಿ ಅನ್ನೋರೂ ನೀವೇ. ನಾವೇನು ಬಿಟ್ಟಿ ನೋಡೋಕೆ ಬಂದಿದೀವಾ?” ಎಂದು ಹಟಕ್ಕೆ ಬಿದ್ದು ಇನ್ನಷ್ಟು ನೋಡಿದರು.

ಆಗ ರಂಗಕ್ಕಿಳಿದವರು ಪಕ್ಕದ ಮನೆಯ ಟೆಲಿಫೋನ್ ಸಾಹೇಬರು. ಟೆಲಿಫೋನ್ ಆಫೀಸಿನಿಂದ ನಿವೃತ್ತರಾಗಿ ಬಹಳ ವರ್ಷವಾಗಿದ್ದರೂ ವೈರು ಕಂಡರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. “ನಮ್ಮ ಕಾಲದಲ್ಲಿ ಏನೇ ಕೆಟ್ಟರೂ ಒಂದ್ಸಲ ವೈರ್ ಅಲ್ಲಾಡಿಸ್ತಿದ್ವಿ, ಸರಿಹೋಗ್ತಿತ್ತು” ಎನ್ನುತ್ತ ಗೋಡೆಯ ಮೇಲಿನ ವೈಫೈ ಡಬ್ಬಿಯ ಹಿಂದೆ ಕೈ ಹಾಕಿ ಅಲ್ಲಾಡಿಸಿದರು. ಸರಿಹೋಗಲಿಲ್ಲ. ಇನ್ನೂ ಸ್ವಲ್ಪ ಜೋರಾಗಿ ಅಲ್ಲಾಡಿಸಿದರು. ಡಬ್ಬಿಯ ದೀಪಗಳೆಲ್ಲ ಆರಿದವು, ವೈರು ಅವರ ಕೈಯಲ್ಲೇ ಉಳಿಯಿತು.

“ನೋಡಿ, ಇದೇ ಲೂಸಾಗಿತ್ತು” ಎಂದರು ಸಾಹೇಬರು ಸಮಾಧಾನದಿಂದ.

ಚಿಕ್ಕಳಿಯನಿಗೆ ಅಳುವುದೊಂದು ಬಾಕಿ. ಅವನು ಮುಂದಿನ ಕೋಣೆಗೆ ಬಂದು ಮೇಜಿನ ಮೇಲೆ ತಲೆಯಿಟ್ಟ. ಬೋರ್ಡು ಹೋಯಿತು, ಸ್ಟುಡಿಯೋ ಹೋಯಿತು, ಇನ್ನು ಜನ್ಮವಿಡೀ ಆ ಮಂಚದ ಪಕ್ಕ ಕೂತು ಕುಗ್ಗಿಸುವುದೇ ಗತಿ ಎಂದುಕೊಂಡ. ಹೆಂಡತಿ ಬಂದು ಬೆನ್ನ ಮೇಲೊಂದು ಗುದ್ದಿದಳು.

“ರೀ, ಎದ್ದೇಳ್ರಿ! ನನ್ನ ಫೋನಲ್ಲಿ ನೆಟ್ ಇದೆಯಲ್ಲ, ಅದರಿಂದ ಕಳ್ಸಿ.”

ಅವನು ತಟ್ಟನೆ ಎದ್ದ. ಅವಳ ಫೋನಿನ ನೆಟ್ಟು ಬಡಪಾಯಿ ನೆಟ್ಟು. ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ಅದಕ್ಕೂ ಉಪಾಯವಿತ್ತು. ಬಂದ ಚಿತ್ರವನ್ನು ಬಂದ ಹಾಗೇ ದಬ್ಬುವ ಬದಲು, ತುಂಡು ತುಂಡು ಮಾಡಿ, ಚೆನ್ನಾಗಿ ಕುಗ್ಗಿಸಿ, ಐದು ನಿಮಿಷದಷ್ಟು ಲ್ಯಾಪ್‌ಟಾಪಿನಲ್ಲೇ ಕೂಡಿಟ್ಟುಕೊಂಡು ನಿಧಾನಕ್ಕೆ ಕಳಿಸಿದರೆ ನೆಟ್ಟು ಹೋದರೂ ಬಂದರೂ ನೋಡುವವರಿಗೆ ಗೊತ್ತಾಗುವುದಿಲ್ಲ. ಅವನ ಬೆರಳುಗಳು ಓಡಿದವು. ಚಕ್ರ ಮಾಯವಾಯಿತು, ಚಿತ್ರ ಹರಿಯಿತು. ಪರದೆಯ ಮೂಲೆಯಲ್ಲಿ ನೋಡುತ್ತಿರುವವರ ಸಂಖ್ಯೆ ಒಂದು ಎಂದು ಬಂತು. ದೊಡ್ಡಕ್ಕ! ಚಿಕ್ಕಳಿಯ ಹೆಂಡತಿಯ ಕೈ ಹಿಡಿದು ಕುಣಿಯುವುದೊಂದು ಬಾಕಿ.

ಆದರೆ ಈ ಸಂತೋಷದಲ್ಲಿ ಅವನು ಒಂದು ಕೆಲಸ ಮರೆತ. ಲೈವ್ ಮತ್ತೆ ಶುರುವಾಗಿದೆ ಎಂದು ನಡುಮನೆಯವರಿಗೆ ಹೇಳಲಿಲ್ಲ.

ವೈಫೈ ಸತ್ತಿದ್ದರಿಂದ ಅಲ್ಲಿನ ಫೋನುಗಳೆಲ್ಲ ಮಾವನ ತೆರೆದ ಬಾಯನ್ನೇ ತೋರಿಸುತ್ತ ಕೂತಿದ್ದವು. ಮ್ಯಾನೇಜರು ಎದ್ದು ನಿಂತು ಅಧಿಕೃತವಾಗಿ ಘೋಷಿಸಿದ: “ಮಾವ, ಲೈವ್ ಪೂರ್ತಿ ನಿಂತೋಗಿದೆ. ಇನ್ನು ಬರಲ್ಲ. ನೀವು ಆರಾಮಾಗಿ ಭಾಷಣ ಮಾಡಿ.”

ಮಾವನ ಭುಜಗಳು ಇಳಿದವು. ಬೆಳಗಿನಿಂದ ಉಸಿರು ಹಿಡಿದಿದ್ದ ಮನುಷ್ಯ ಉಸಿರು ಬಿಟ್ಟರು. ಮೈಕು ಹಿಡಿದು ಶುರುಮಾಡಿದರು. “ನಮ್ಮ ಮದುವೆ ಆಗಿದ್ದೇ ನಮ್ಮಕ್ಕನಿಂದ. ಅದನ್ನ ನಾನು ಯಾವತ್ತೂ ಮರೆಯೋದಿಲ್ಲ. ಆದ್ರೆ ನಲವತ್ತು ವರ್ಷದಿಂದ ಮನಸ್ಸಲ್ಲೇ ಇಟ್ಕೊಂಡಿರೋ ಒಂದು ಮಾತಿದೆ. ಇವತ್ತು ಹೇಳಿಬಿಡ್ತೀನಿ.”

ನಡುಮನೆ ಕಿವಿ ನಿಮಿರಿಸಿತು.

“ಇಷ್ಟು ವರ್ಷ ನಾವಿಬ್ಬರೂ ಸುಖವಾಗಿರೋ ಗುಟ್ಟೇನು ಗೊತ್ತಾ? ನಮ್ಮಕ್ಕ ದೂರದ ಊರಲ್ಲಿರೋದು!”

ನಗು ಸಿಡಿಯಿತು. ಚಪ್ಪಾಳೆ ಬಿತ್ತು. ಚಪ್ಪಾಳೆ ಕೇಳಿದ ಮಾವನನ್ನು ಇನ್ನು ಹಿಡಿಯುವವರಿಲ್ಲ. “ಅವಳು ನಮ್ಮನೆಗೆ ಬಂದು ಇರ್ತೀನಿ ಅಂದಾಗಲೆಲ್ಲ ನಾನು ಮನೆಗೆ ಬಣ್ಣ ಹೊಡೆಸ್ತಿದೀನಿ ಅಂತೀನಿ. ಆ ಲೆಕ್ಕದಲ್ಲಿ ಇಷ್ಟೊತ್ತಿಗೆ ಈ ಮನೆಗೆ ಗೋಡೆಗಿಂತ ಬಣ್ಣವೇ ದಪ್ಪ ಇರ್ಬೇಕಿತ್ತು! ಅವಳು ಈ ಹೊಸ್ತಿಲು ದಾಟಿ ಒಳಗೆ ಬಂದ ದಿನ ನಾನು ಹಿತ್ತಲ ಬಾಗಿಲಿಂದ ಹೊರಗೆ ಹೋಗ್ತೀನಿ!”

ಮುಂದಿನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಇದನ್ನೆಲ್ಲ ಕೇಳುತ್ತಿದ್ದ ಚಿಕ್ಕಳಿಯ ಮೊದಲು ಎಲ್ಲರ ಹಾಗೆ ನಕ್ಕ. ನಗುತ್ತ ನಗುತ್ತ ಪರದೆಯ ಮೂಲೆಯ ಆ ಒಂದು ಎಂಬ ಅಂಕಿಯ ಕಡೆ ನೋಡಿದ. ನಗು ಅಲ್ಲೇ ಒಣಗಿತು.

ಅವನು ನಡುಮನೆಗೆ ಹಾರಿ, ಜನರ ಕಾಲು ತುಳಿದುಕೊಂಡು, ಕೈಬಾಯಿ ಸನ್ನೆ ಮಾಡುತ್ತ ಮಾವನ ಕಡೆ ಧಾವಿಸಿದ. ಮಾವ ಅದನ್ನು ಮೆಚ್ಚುಗೆ ಎಂದುಕೊಂಡು ಇನ್ನೊಂದು ಜೋಕು ಹೇಳಿದರು. ಕೊನೆಗೆ ಅವನು ಮೈಕು ಕಿತ್ತುಕೊಂಡು ಮಾವನ ಕಿವಿಯಲ್ಲಿ ಉಸುರಿದ.

“ಮಾವ, ಲೈವ್ ನಿಂತಿಲ್ಲ. ದೊಡ್ಡಕ್ಕ ನೋಡ್ತಿದಾರೆ.”

ಮಾವನ ಮುಖದಲ್ಲಿ ರಕ್ತವೇ ಇಲ್ಲವಾಯಿತು. “ಕೇ... ಕೇಳಿಸಿಬಿಡ್ತಾ?”

“ಇನ್ನೂ ಇಲ್ಲ. ಐದು ನಿಮಿಷ ತಡವಾಗಿ ಹೋಗ್ತಿದೆ.”

ಆ ಕ್ಷಣದಲ್ಲಿ ಮಾವ ಅಳಿಯನನ್ನು ನೋಡಿದ ನೋಟವನ್ನು ಅವರು ಮದುವೆಯ ದಿನ ಹೆಂಡತಿಯನ್ನೂ ನೋಡಿರಲಿಕ್ಕಿಲ್ಲ. “ತಡವಾಗಿದೆಯಾ? ನಿಮ್ಮ ಬಾಯಿಗೆ ಸಕ್ಕರೆ ಹಾಕ! ಇನ್ನೂ ಸ್ವಲ್ಪ ತಡ ಮಾಡ್ರಿ! ವಾರ ಬಿಟ್ಟು ಕಳ್ಸಿ! ಕಳಿಸಲೇಬೇಡಿ!”

ಅತ್ತೆ ಜನರಿಗೆ ಕೇಕು ಹಂಚುತ್ತ ನಿಂತರು. ಮಾವ, ಅಳಿಯ, ಮಗಳು ಮೂವರೂ ಮುಂದಿನ ಕೋಣೆಗೆ ಓಡಿದರು. ಪರದೆಯಲ್ಲಿ ದೊಡ್ಡಕ್ಕನಿಗೆ ಹೋಗುತ್ತಿದ್ದ ಮಾವ ಇನ್ನೂ ಮೈಕನ್ನು ಕೈಗೆ ತೆಗೆದುಕೊಳ್ಳುತ್ತಿದ್ದರು. ಆ ಮಾವ ಬಾಯಿ ತೆರೆಯುವುದನ್ನು ಈ ಮಾವ ಯಮನನ್ನು ನೋಡುವ ಹಾಗೆ ನೋಡಿದರು.

“ಬರೀ ಕತ್ತರಿಸಿದ್ರೆ ಪರದೆ ಕಪ್ಪಗಾಗುತ್ತೆ. ದೊಡ್ಡಕ್ಕ ತಕ್ಷಣ ಫೋನ್ ಮಾಡಿ ಏನಾಯ್ತು ಅಂತ ಕೇಳ್ತಾರೆ” ಎಂದ ಅಳಿಯ. “ಆ ಜಾಗಕ್ಕೆ ಏನಾದ್ರೂ ತೋರಿಸ್ಬೇಕು. ಬೇಗ!”

“ಏನಾದ್ರೂ ತೋರ್ಸಿ! ಗೋಡೆ ತೋರ್ಸಿ! ನೆಲ ತೋರ್ಸಿ!”

“ಏನಪ್ಪಾ, ತೊಂದರೆನಾ? ವೈರ್ ಅಲ್ಲಾಡಿಸ್ಲಾ?” ಎನ್ನುತ್ತ ಟೆಲಿಫೋನ್ ಸಾಹೇಬರು ಬಾಗಿಲಲ್ಲಿ ತಲೆ ಹಾಕಿದರು. ಮಾವ ಅವರನ್ನು ಹೊರಗೆ ತಳ್ಳಿ ಚಿಲಕ ಹಾಕಿಕೊಂಡು ಬಂದರು.

ಅಳಿಯ ತನ್ನ ಫೋನಿನ ಕ್ಯಾಮೆರಾ ತೆರೆದು ಕೋಣೆಯ ಕಡೆ ಹಿಡಿದ. ಹೆಂಡತಿ ಚುರುಕಿನವಳು, ಬರೀ ನೆಲ ತೋರಿಸಿದರೆ ಚೆನ್ನಾಗಿರುವುದಿಲ್ಲವೆಂದು ಒಂದು ಒಳ್ಳೆಯ ಕುರ್ಚಿ ತಂದು ಕಿಟಕಿಯ ಪಕ್ಕ ಹಾಕಿದಳು, ಮೇಲೊಂದು ದಿಂಬು ಇಟ್ಟಳು, ದೀಪವನ್ನು ಆ ಕಡೆ ತಿರುಗಿಸಿದಳು. ಪರದೆಯ ಮಾವ “ಮನಸ್ಸಲ್ಲೇ ಇಟ್ಕೊಂಡಿರೋ ಒಂದು ಮಾತಿದೆ. ಇವತ್ತು ಹೇಳಿಬಿಡ್ತೀನಿ” ಎಂದರು. ಅಳಿಯ ಸರಿಯಾಗಿ ಅಲ್ಲಿಗೆ ಗುಂಡಿ ಒತ್ತಿದ. ಮಾವ ಮಾಯ; ಬೆಳಕು ತುಂಬಿದ ಕೋಣೆ, ಕಿಟಕಿಯಲ್ಲಿ ಗಾಳಿ, ಖಾಲಿ ಕುರ್ಚಿ. ಮೂವರೂ ಉಸಿರು ಬಿಡದೆ ನಿಂತರು. ಭಾಷಣದ ಅಪಾಯದ ಭಾಗವೆಲ್ಲ ಮುಗಿಯುವವರೆಗೆ ಕುರ್ಚಿಯೇ ಹೋಯಿತು. ಆಮೇಲೆ ಅತ್ತೆ ನಗುನಗುತ್ತ ಕೇಕು ಹಂಚುವ ಚಿತ್ರ ಹೋಯಿತು. ಮಾವ ಗೋಡೆಗೆ ಒರಗಿ ಕೂತೇಬಿಟ್ಟರು.

“ಆ ತುಂಡು ಎಲ್ಲಿದೆ?”

“ಲ್ಯಾಪ್‌ಟಾಪಲ್ಲೇ ಇದೆ ಮಾವ.”

“ಅಳಿಸಿ. ನನ್ನ ಕಣ್ಣೆದುರೇ ಅಳಿಸಿ. ಬೇರು ಸಮೇತ ಅಳಿಸಿ.”

ಅಳಿಯ ಅಳಿಸಿದ. ಮಾವ ಕೂತಲ್ಲಿಂದಲೇ ಅವನ ಎರಡೂ ಕೈ ಹಿಡಿದುಕೊಂಡರು.

“ನಾನು ನಿಮ್ಮ ಕೆಲಸನ ಹಗುರ ಮಾಡಿ ಮಾತಾಡ್ತಿದ್ದೆ. ತಪ್ಪಾಯ್ತು. ಇವತ್ತು ನನ್ನ ಮಾನ, ಪ್ರಾಣ ಎರಡೂ ಉಳಿಸಿದ್ರಿ. ಅಕ್ಕ ಏನಾದ್ರೂ ಹೇಳ್ಲಿ, ಬಿಡ್ಲಿ, ಈ ಕೋಣೆ ನಿಮ್ಮದು. ನಾಳೆಯೇ ಬೋರ್ಡ್ ಬರೆಯೋಕೆ ಹೇಳಿ.” ಚಿಲಕ ತೆಗೆದು ನಡುಮನೆಯಲ್ಲಿ ನಿಂತು ಅದನ್ನೇ ಇನ್ನೊಮ್ಮೆ, ಮ್ಯಾನೇಜರಿಗೆ ಕೇಳುವ ಹಾಗೆ, ಗಟ್ಟಿಯಾಗಿ ಹೇಳಿದರು. ಮ್ಯಾನೇಜರಿನ ಮುಖ ಸಣ್ಣಗಾಯಿತು. ಚಿಕ್ಕಳಿಯನಿಗೆ ಹಾರಾಡುವಷ್ಟು ಸಂತೋಷವಾಯಿತು. ಬೋರ್ಡಿನ ಅಕ್ಷರ ಯಾವ ಬಣ್ಣದ್ದಿರಬೇಕು ಎಂದು ಗಂಡ ಹೆಂಡತಿ ಅಲ್ಲೇ ಪಿಸುಪಿಸು ಜಗಳ ಶುರುಮಾಡಿದರು.

ಊಟ ನಡೆಯುತ್ತಿರುವಾಗ ಮಾವನಿಗೆ ಫೋನು ಬಂತು. ದೊಡ್ಡಕ್ಕ. ಮಾವ ತುತ್ತು ಬಿಟ್ಟು ಎದ್ದು ನಿಂತರು.

“ಸ್ಪೀಕರಿಗೆ ಹಾಕು. ಎಲ್ಲರಿಗೂ ಕೇಳಿಸ್ಲಿ” ಎಂದರು ದೊಡ್ಡಕ್ಕ. ದನಿ ಯಾಕೋ ಭಾರವಾಗಿತ್ತು. ಮಾವ ಸ್ಪೀಕರಿಗೆ ಹಾಕಿದರು.

“ಲೈವ್ ಹೆಂಗಿತ್ತಕ್ಕ?”

“ಚೆನ್ನಾಗಿತ್ತು ಕ...” ಎಂದು ದೊಡ್ಡಕ್ಕ ಬಿಕ್ಕಿದರು. ಆ ಮನೆಯಲ್ಲಿ ಯಾರೂ ಅವರು ಅತ್ತದ್ದನ್ನು ಕೇಳಿರಲಿಲ್ಲ. “ನಲವತ್ತು ವರ್ಷದಿಂದ ಮನಸ್ಸಲ್ಲೇ ಇಟ್ಕೊಂಡಿರೋ ಮಾತು ಅಂದ್ಯಲ್ಲೋ. ಬಾಯಲ್ಲಿ ಹೇಳೋಕಾಗದೆ ತೋರ್ಸಿದ್ಯಲ್ಲೋ! ಚಿಕ್ಕಂದಿನಿಂದಲೂ ನೀನು ಹಂಗೇ. ಪ್ರೀತಿ ಇರುತ್ತೆ, ಬಾಯಿ ಬರಲ್ಲ.”

“ಏನು... ಏನು ತೋರಿಸ್ದೆ ಅಕ್ಕ?”

“ಆ ಕೋಣೆ ಕಣೋ! ನನಗೆ ಅಂತ ಕಿಟಕಿ ಪಕ್ಕ ಕುರ್ಚಿ ಹಾಕಿ, ದಿಂಬಿಟ್ಟು, ದೀಪ ಹಚ್ಚಿ... ನಾನು ದಡ್ಡಿ ಅಲ್ಲ, ಅರ್ಥ ಆಗುತ್ತೆ. ನಾನಿರೋದು ಮಹಡಿ ಮನೇಲಿ. ಇನ್ಮೇಲೆ ಮೆಟ್ಟಿಲು ಹತ್ತೋ ಹಂಗಿಲ್ಲ ಅಂತ ಡಾಕ್ಟರು ಹೇಳಿದ ಮೇಲೆ ಎಲ್ಲಿ ಹೋಗೋದು ಅಂತ ದಿನಾ ಕೊರಗ್ತಿದ್ದೆ. ಕರೆಯೋರು ಒಬ್ಬರೂ ಇರಲಿಲ್ಲ. ನೀನು ಕರೆದೆ. ಬರ್ತೀನಿ ಕಣಪ್ಪ. ಇದ್ದಷ್ಟು ದಿನ ಅಲ್ಲೇ ಇರ್ತೀನಿ. ನಾಳೆ ಬೆಳಿಗ್ಗೆನೇ ಹೊರಡ್ತೀನಿ.” ಮೂಗು ಒರೆಸಿಕೊಂಡ ಸದ್ದು. “ಆಮೇಲೆ, ಕುರ್ಚಿ ಹಿಂದೆ ಒಂದು ಮೇಜು, ಏನೋ ವೈರು ಗೀರು ಬಿದ್ದಿತ್ತು. ಅದನ್ನ ತೆಗೆಸಿಬಿಡು. ಕಾಲಿಗೆ ಸಿಕ್ಕಿದ್ರೆ ಕಷ್ಟ.”

ಫೋನು ನಿಂತಿತು. ಅತ್ತೆ ಬಡಿಸುತ್ತಿದ್ದ ಸೌಟು ಹಿಡಿದು ಹಾಗೇ ನಿಂತಿದ್ದರು. ಮ್ಯಾನೇಜರಿನ ಮುಖಕ್ಕೆ ಕಳೆ ವಾಪಸ್ಸು ಬಂತು. ಅವನು ಇನ್ನೊಂದು ತುಂಡು ಕೇಕು ಹಾಕಿಸಿಕೊಂಡ. ಮಾವ ಮೆಲ್ಲನೆ ಚಿಕ್ಕಳಿಯನ ತೋಳು ಹಿಡಿದು ಮುಂದಿನ ಕೋಣೆಗೆ ಕರೆದುಕೊಂಡು ಹೋದರು.

“ಅಳಿಯಂದಿರೇ, ನಾನು ಮಾತಾಡಿದ ಆ ತುಂಡು... ಈಗ ಅಕ್ಕನಿಗೆ ಕಳಿಸೋಕಾಗುತ್ತಾ?”

“ಬೇರು ಸಮೇತ ಅಳಿಸಿದೆನಲ್ಲ ಮಾವ. ನಿಮ್ಮ ಕಣ್ಣೆದುರೇ.”

ಇಬ್ಬರೂ ಆ ಖಾಲಿ ಕುರ್ಚಿಯನ್ನೇ ನೋಡುತ್ತ ನಿಂತರು. ಚಿಕ್ಕಳಿಯ ಮನಸ್ಸಲ್ಲೇ ಲೆಕ್ಕ ಹಾಕಿದ. ಆ ಭಾಷಣವನ್ನು ಸುಮ್ಮನೆ ಹೋಗಲು ಬಿಟ್ಟಿದ್ದರೆ ದೊಡ್ಡಕ್ಕ ಈ ಜನ್ಮದಲ್ಲಿ ಈ ಕಡೆ ತಲೆ ಹಾಕುತ್ತಿರಲಿಲ್ಲ. ಬೋರ್ಡಿನ ಬಣ್ಣದ ಜಗಳ ಇನ್ನೂ ನಡೆಯುತ್ತಿರುತ್ತಿತ್ತು. ಅವನು ಹಲ್ಲು ಕಚ್ಚಿಕೊಂಡ. ಮಾಡಿದವನು ತಾನೇ, ಬಿಡಿಸಿಕೊಳ್ಳಬೇಕಾದವನೂ ತಾನೇ.

“ಇನ್ನೊಂದ್ಸಲ ಹೇಳಿಬಿಡಿ ಮಾವ” ಎಂದ. “ನಡುಮನೆಯಲ್ಲಿ ಎಷ್ಟು ಚೆನ್ನಾಗಿ ಹೇಳಿದ್ರಿ! ವಿಡಿಯೋ ಕಾಲ್ ಹಾಕ್ತೀನಿ. ನಡುವೆ ತುಂಡಿಲ್ಲ, ತಡ ಇಲ್ಲ. ಒಂದೇ ಒಂದು ಮಾತು ಸಾಕು.”

ಮಾವ ಕಾಲರು ಸರಿಮಾಡಿಕೊಂಡರು, ಎದೆಯುಬ್ಬಿಸಿದರು. “ಹಾಕ್ರಿ. ಇವತ್ತು ಹೇಳೇಬಿಡ್ತೀನಿ. ನನಗೇನು ಭಯವಾ?” ಎಂದರು.

ಚಿಕ್ಕಳಿಯ ಕರೆ ಹಾಕಿ ಫೋನನ್ನು ಅವರ ಮುಖದೆದುರು ಹಿಡಿದ. ಪರದೆಯಲ್ಲಿ ದೊಡ್ಡಕ್ಕ ಬಂದರು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು, ಪ್ಲಾಸ್ಟರಿನ ಕಾಲು ಸ್ಟೂಲಿನ ಮೇಲಿತ್ತು, ಪಕ್ಕದಲ್ಲಿ ಪೆಟ್ಟಿಗೆ ತೆರೆದುಕೊಂಡಿತ್ತು. ಮಾವ ಬಾಯಿ ತೆರೆದರು. ದೊಡ್ಡಕ್ಕ “ಏನೋ?” ಎಂದರು.

“ಅಕ್ಕಾ” ಎಂದರು ಮಾವ, “ಮಂಚ ಕಿಟಕಿ ಕಡೆಗೆ ಹಾಕಿಸ್ಲಾ, ಗೋಡೆ ಕಡೆಗಾ?”

ಅವತ್ತು ಆ ಮನೆಯಿಂದ ಒಂದು ಕ್ಷಣವೂ ತಡವಾಗದೆ, ಒಂದು ಅಕ್ಷರವೂ ಕತ್ತರಿಸಿಹೋಗದೆ ದೊಡ್ಡಕ್ಕನನ್ನು ತಲುಪಿದ್ದು ಅದೊಂದೇ ಮಾತು.